ರಾಜಮತಿ ಕೊನೆ ನೋಡದ ಸಿನೆಮಾ

ರಾಜಮತಿ ಬರೆದದ್ದನ್ನು ಓದಿಯೇ ನಿಪ್ಪಾಣಿಯ ನಾವು ಸಿನೆಮಾ ಟಿಕೀಟು ತೆಗೆಸುತ್ತಿದ್ದೆವು. ತಂಬಾಕು ವ್ಯಾಪಾರದ ಜೈನ ಮನೆಯ ಸೊಸೆ ಒಬ್ಬಳೇ ಟಾಕೀಜಿಗೆ ಹೋಗಿ ಕೂಡುವುದೇ ದೊಡ್ಡ ಸುದ್ದಿಯಾಗಿದ್ದ ಎಂಬತ್ತನಾಲ್ಕರಲ್ಲಿ, ಆಕೆ ವಾರಪತ್ರಿಕೆಯಲ್ಲಿ ತನ್ನ ಹೆಸರು ಹಾಕಿಯೇ ವಿಮರ್ಶೆ ಬರೆದಳು. ನಮ್ಮ ಕಡೆ ಅದಕ್ಕೂ ಮೊದಲು ಯಾವ ಹೆಣ್ಣುಮಗಳೂ ಹಾಗೆ ಬರೆದಿರಲಿಲ್ಲ. ಗಂಡಸರು ಮೂಗು ಮುರಿದರು, ಮುರಿಯುತ್ತಲೇ ಓದಿದರು.

ತೊಡಕು ಬೇರೆಯೇ ಇತ್ತು. ಜೈನರ ನೇಮದಂತೆ ಆ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು, ಬಡಿಸುವವಳು ಸೊಸೆ. ಮೂರರ ಆಟ ಬಿಡುವಾಗ ಹೊತ್ತು ಮುಳುಗಲು ಬಂದಿರುತ್ತಿತ್ತು. ಹೀಗಾಗಿ ಕಡೆಯ ಅರ್ಧ ಗಂಟೆ ಬಿಟ್ಟು ಮನೆಗೆ ಓಡುವಳು. ಕೊನೆ ಏನಾಗಿರಬಹುದೆಂದು ಅಂದಾಜಿನ ಮೇಲೆ ಬರೆಯುವಳು. ಒಮ್ಮೆ "ಕೊನೆಗೆ ಜೋಡಿ ಒಂದಾಗುವುದು ಕಣ್ಣಿಗೆ ಹಬ್ಬ" ಎಂದು ಬರೆದುಬಿಟ್ಟಳು. ಸಿನೆಮಾದಲ್ಲಿ ನಾಯಕಿ ಸತ್ತೇ ಹೋಗಿದ್ದಳು. ಊರು ನಕ್ಕಿದ್ದೇ ನಕ್ಕಿದ್ದು. ಸಂಪಾದಕ ಭಾವುಸಾಹೇಬರು ಮನೆಗೇ ಬಂದು, "ಇನ್ನೊಂದ ಸಲ ಹಿಂಗಾದ್ರ ಬರಿಯೂದು ಬಂದ್ ಮಾಡಬೇಕಾಗತೈತ್ರಿ ರಾಜಮತಿಬಾಯಿ," ಎಂದರು. ಮನೆಯವರನ್ನು ಉಪವಾಸ ಕೆಡವಿ ಸಿನೆಮಾ ನೋಡಲಾದೀತೆ? ಬರೆಯುವುದನ್ನೇ ಬಿಡುವುದೆಂದು ರಾಜಮತಿ ಒಳಗೆ ಹೋಗಿ ಅತ್ತಳು. ಅತ್ತೆ ಚಂದ್ರಮತಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಮುಂದಿನ ಶುಕ್ರವಾರ, ಇದೇ ಕಡೆಯದೆಂದು ಹೋದ ರಾಜಮತಿ ಇಂಟರ್ವಲ್ಲಿಗೆ ಹೊರಗೆ ಬಂದಳು. ಜನ್ಮದಲ್ಲಿ ಟಾಕೀಜಿನ ಕಡೆ ಹಾಯದ ಅತ್ತೆ, ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

"ಉಣ್ಣ ಬೇ. ಇನ್ನೂ ಬಿಸಲೈತಿ."

"ಮನ್ಯಾಗ ಯಾರ ನೀಡ್ತಾರ್ರಿ ಅತ್ತಿ?"

"ನನ್ನ ಕೈಗೇನ ಆಗೈತಿ? ನಾ ನೀಡ್ತೀನಿ. ನೀ ಕಡೀತನಾ ನೋಡಿ ಬಾ."

ಚಹಾ ಕುಡಿಯುತ್ತಿದ್ದ ಮಂದಿ ಕಣ್ಣು ಪಿಳಿಪಿಳಿ ಬಿಟ್ಟರು. ಅತ್ತೆ ಸೆರಗು ಅಡ್ಡ ಹಿಡಿದಳು, ಸೊಸೆ ರೊಟ್ಟಿ ಝುಣಕ ತಿಂದು ಒಳಗೆ ಹೋದಳು. ಮುಂದೆ ವರ್ಷಗಟ್ಟಲೆ ಶುಕ್ರವಾರಗಳು ಹೀಗೇ ನಡೆದವು. ಚಂದ್ರಮತಿ ಮಾತ್ರ ಒಂದು ಸಿನೆಮಾವನ್ನೂ ನೋಡಲಿಲ್ಲ, ಆದರೆ "ಕಡೀಕ ಏನಾತ?" ಎಂದು ಸೊಸೆಯನ್ನು ಕೇಳದೆ ಮಲಗುತ್ತಿರಲಿಲ್ಲ. ಇಂಥ ಅತ್ತೆ ಎಷ್ಟು ಜನಕ್ಕೆ ಸಿಕ್ಕಾಳು?

ತೊಂಬತ್ತಾರರಲ್ಲಿ ಚಂದ್ರಮತಿಗೆ ಲಕ್ವಾ ಹೊಡೆಯಿತು. ಬೇರೆ ಯಾರು ತುತ್ತು ಇಟ್ಟರೂ ನುಂಗುತ್ತಿರಲಿಲ್ಲ. ಸೊಸೆಯೇ ಇಡಬೇಕು, ಅದೂ ಹೊತ್ತು ಮುಳುಗುವುದರೊಳಗೆ. ಆ ವಾರ ಪತ್ರಿಕೆಯಲ್ಲಿ ಸಿನೆಮಾದ ಹೆಸರಿನ ಕೆಳಗೆ ರಾಜಮತಿ ಬರೆದದ್ದು ಇಷ್ಟೇ: "ಇಂಟರ್ವಲ್ಲಿಗೆ ಎದ್ದು ಬಂದೆ. ಅತ್ತೆಗೆ ಉಣಿಸಬೇಕಿತ್ತು. ಕೊನೆ ನೋಡಿಲ್ಲ, ಆದ್ದರಿಂದ ಬರೆಯುವುದಿಲ್ಲ."

ಭಾವುಸಾಹೇಬರು ಒಂದಕ್ಷರ ತಿದ್ದದೆ ಅಚ್ಚು ಹಾಕಿದರು. ಈ ಸಲ ಊರು ನಗಲಿಲ್ಲ.