ಅರಳೆಯಲ್ಲಿ ಅಡಗಿದ ಚೂರು

"ಟಣ್" ಎಂದು ಸಾಕೆಟ್ ಸಿಡಿದಾಗ ನಾನು ಇಂಟರ್ನೆಟ್ಟಿನ ಪರದೇಶಿ ಪಂಡಿತನ ದನಿಯಲ್ಲಿ ಮಾತಾಡುತ್ತಿದ್ದೆ. ತಾರಿಹಾಳದ ನಮ್ಮ ಗ್ಯಾರೇಜಿನ ಮುಂದೆ ಅರಳೆಯ ಅಂಡಿಗೆಗಳನ್ನು, ಅಂದರೆ ದೊಡ್ಡ ಮೂಟೆಗಳನ್ನು, ಹೇರಿದ ಲಾರಿ ನಿಂತಿತ್ತು. ಗಾಲಿಯ ನಟ್ಟು ಬಿಚ್ಚುವ ಗಾಳಿಯ ಗನ್ನಿನ ತುದಿಗೆ, ನಟ್ಟನ್ನು ಕಚ್ಚಿ ಹಿಡಿಯಲು, ದಪ್ಪನೆಯ ಕರಿ ಸಾಕೆಟ್ಟೇ ಬೇಕು; ತೆಳುವಾದದ್ದು ಗನ್ನಿನ ಹೊಡೆತಕ್ಕೆ ಒಡೆದೀತು. ಅದನ್ನು ಪಕ್ಕದ ಶೆಡ್ಡಿನವರು ಒಯ್ದಿದ್ದರು. 'ಕೈಯಿಂದ ತಿರುಗಿಸುವ ತೆಳು ಸಾಕೆಟ್ಟೂ ನಡೆಯುತ್ತದೆ, ನನಗೇನೂ ಆಗಿಲ್ಲ' ಎಂದು ಯಾರೋ ಪರದೇಶದವನು ಬರೆದದ್ದನ್ನು ಸೈಬರ್ ಕೆಫೆಯಲ್ಲಿ ಓದಿ ಬಂದಿದ್ದ ನಾನು, ಅದನ್ನೇ ಮೂಗಿನಲ್ಲಿ ಉಲಿದು ಗ್ಯಾರೇಜಿನ ಮಿಸ್ತ್ರಿ ಮಲ್ಲಪ್ಪಕಾಕಾನನ್ನು ಒಪ್ಪಿಸಿದ್ದೆ. ಕಾಕಾ ನಗುತ್ತಲೇ ಗನ್ ಒತ್ತಿದ್ದ.

ಅವನ ಕಿವಿಯ ಪಕ್ಕದಿಂದ ಏನೋ ಹೊಳೆದು ಹಾರಿತು. ಬಿದ್ದ ಸಪ್ಪಳವೇ ಕೇಳಲಿಲ್ಲ. ಗನ್ ನಿಂತಿತು. ಇಳಿಬಿಸಿಲಿನಲ್ಲಿ ಅರಳೆಯ ಎಳೆಗಳು ಮಾತ್ರ ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ಕಾಕಾ ತನ್ನ ಕಿವಿ ಮುಟ್ಟಿಕೊಂಡ, ಆಮೇಲೆ ನನ್ನ ಗದ್ದ ಹಿಡಿದೆತ್ತಿ ಕಣ್ಣುಗಳನ್ನು ನೋಡಿದ.

"ಎರಡೂ ಅದಾವ ಬಿಡು," ಎಂದ. "ಈಗ ಮಾಡೋ ಅವನ ದನಿ, ಕೇಳೂಣು."

ಇಡೀ ತಾರಿಹಾಳವನ್ನು ಅಣಕಿಸುವ ನಾನು ಕರಿ ಸಾಕೆಟ್ ತರಲು ಪಕ್ಕದ ಶೆಡ್ಡಿಗೆ ಓಡಿದೆ.

ಕರಿ ಸಾಕೆಟ್ ಬಂತು, ಗಾಲಿ ಕೂತಿತು, ಲಾರಿ ಹೋಯಿತು. ಎಷ್ಟು ಹುಡುಕಿದರೂ ಆ ಚೂರು ಸಿಗಲಿಲ್ಲ, ಅರಳೆಯೊಳಗೇ ಹೊಕ್ಕಿರಬೇಕು. ಈಗಲೂ ಅರಳೆಯ ಗಾದಿಯ ಮೇಲೆ ಮಗ್ಗಲು ಬದಲಿಸುವಾಗ ಬೆನ್ನಿಗೆ ಏನಾದರೂ ಚುಚ್ಚಿದರೆ, ಆ ಪಂಡಿತನ ಚೂರು ನನ್ನನ್ನೇ ಹುಡುಕಿಕೊಂಡು ಬಂತೇನೋ ಎಂದು ಮೆಲ್ಲಗೆ ಕೈಯಾಡಿಸಿ ನೋಡುತ್ತೇನೆ.