ಕಿಟಕಿ ಮುಚ್ಚುವ ಬಳ್ಳಿ

ತೊಂಬತ್ತರ ದಶಕದ ಕೊನೆಯಲ್ಲಿ ಬಾಳೂರು ಕಡೆಯ ಶಾಲೆಯೊಂದಕ್ಕೆ ಟೀಚರಾಗಿ ಹೋದೆ. ಇನ್ನೂ ಮದುವೆಯಾಗಿರಲಿಲ್ಲ. ಉಳಿಯಲು ಸಿಕ್ಕಿದ್ದು ಕಾಫಿ ಎಸ್ಟೇಟಿನ ಹಳೆಯ ಕ್ವಾರ್ಟರ್ಸಿನ ಅರ್ಧ ಭಾಗ. ಇನ್ನರ್ಧದಲ್ಲಿ, ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ರೈಟರ್ ತೀರಿಕೊಂಡ ಮೇಲೆ ಅವರ ಹೆಂಡತಿ ಒಬ್ಬರೇ ಇದ್ದರು. ಮುಂಗೋಡೆಯನ್ನೆಲ್ಲ ಸಣ್ಣೆಲೆಯ ಬಳ್ಳಿಯೊಂದು ಸೂರಿನವರೆಗೂ ಹೊದ್ದುಕೊಂಡಿತ್ತು. ಸುಡುಬೇಸಿಗೆಯಲ್ಲೂ ಅದು ಹಸಿರಾಗಿಯೇ ಇರುತ್ತಿತ್ತು.

ಹೋದ ಹೊಸತರಲ್ಲಿ ಒಂದು ಭಾನುವಾರ ಕಿಟಕಿಯ ಹೊರಗೆ ಕರಕರ ಸದ್ದಾಯಿತು. ನೋಡಿದರೆ ಆಕೆ ಸ್ಟೂಲಿನ ಮೇಲೆ ನಿಂತು ಕತ್ತರಿಯಿಂದ ಬಳ್ಳಿ ಸವರುತ್ತಿದ್ದರು.

"ಹೆದ್ರಬೇಡಿ ಟೀಚರೇ. ಹಾಗೇ ಬಿಟ್ರೆ ಇದು ಕಿಟಕೀನೇ ಮುಚ್ಚಿಬಿಡುತ್ತೆ" ಎಂದರು.

"ನಾನೇ ಮಾಡ್ಕೊತೀನಿ ಅಕ್ಕ, ನೀವ್ಯಾಕೆ..."

"ಇರ್ಲಿ ಬಿಡಿ. ಬಂಗ್ಲೆಯಿಂದ ಒಂದು ಕಡ್ಡಿ ತಂದು ನೆಟ್ಟಿದ್ದು ನಮ್ಮವ್ರು. ಇದಕ್ಕೆ ಚಪ್ಪರ ಗಿಪ್ಪರ ಏನೂ ಬೇಡ, ತಾನೇ ಹಿಡ್ಕೊಂಡು ಹೋಗುತ್ತೆ ಅಂತಿದ್ರು."

ಅಂದಿನಿಂದ ಭಾನುವಾರವೆಂದರೆ ಅದೇ. ಅವರು ಹೊರಗೆ ಸವರುತ್ತಿದ್ದರು, ನಾನು ಒಳಗೆ ಅಕ್ಕಿ ಆರಿಸುತ್ತಲೋ ಪೇಪರ್ ತಿದ್ದುತ್ತಲೋ ಕೂತಿರುತ್ತಿದ್ದೆ. ಕಿಟಕಿಯ ಸರಳುಗಳ ನಡುವೆಯೇ ಕಾಫಿ ಕೊಡುತ್ತಿದ್ದೆ. ಒಳಗೆ ಬನ್ನಿ ಎಂದರೆ, "ಕಾಲೆಲ್ಲ ಮಣ್ಣು ಮಾರಾಯ್ತಿ" ಎಂದು ನಗುತ್ತಿದ್ದರು. ವಾರವಿಡೀ ಮಕ್ಕಳೊಡನೆ ಗಂಟಲು ಹರಿದುಕೊಳ್ಳುತ್ತಿದ್ದ ನಾನು ನಿಜಕ್ಕೂ ಮಾತಾಡುತ್ತಿದ್ದುದು ಆ ಒಂದು ಗಂಟೆ ಮಾತ್ರ.

ಎರಡನೇ ವರ್ಷ ಹೊಸ ರೈಟರ್ ನೇಮಕವಾದರು. ಅಕ್ಕ ಮನೆ ಬಿಡಬೇಕಾಯಿತು. ಮೂಡಿಗೆರೆಯಲ್ಲಿದ್ದ ಅಣ್ಣನ ಮನೆಗೆ ಹೊರಟ ದಿನ ಸಾಮಾನೆಲ್ಲ ಜೀಪಿಗೆ ಏರಿಸಿದ ಮೇಲೆ ಕತ್ತರಿಯನ್ನು ನನ್ನ ಕೈಗಿಟ್ಟರು.

ಹೊಸಬರು ಬರುವುದು ತಡವಾಯಿತು. ನನ್ನ ಕಿಟಕಿಯನ್ನು ನಾನು ಸವರಿಕೊಳ್ಳುತ್ತಿದ್ದೆ. ಅವರ ಕಿಟಕಿ ಪೂರ್ತಿ ಮುಚ್ಚಿಹೋದದ್ದು ಒಂದು ದಿನ ಕಣ್ಣಿಗೆ ಬಿತ್ತು. ಸ್ಟೂಲು ಹಾಕಿ ಎಲೆ ಬಿಡಿಸಿ ಒಳಗೆ ಇಣುಕಿದೆ. ಖಾಲಿ ಕೋಣೆಯೊಳಗೆ ಬಳ್ಳಿಯ ಒಂದು ಕುಡಿ ನುಗ್ಗಿ, ಬೆಳಕಿಲ್ಲದೆ ಬಿಳಿಚಿಕೊಂಡು ನೆಲದತ್ತ ಜೋತುಬಿದ್ದಿತ್ತು. ನನಗೆ ತಡೆಯಲಾಗದಷ್ಟು ಅಳು ಬಂತು. ಆಮೇಲೆ ಪ್ರತಿ ಭಾನುವಾರ ಎರಡೂ ಕಿಟಕಿ ಸವರತೊಡಗಿದೆ.

ಹೊಸ ರೈಟರ ಸಂಸಾರ ಬಂದ ಕೆಲವೇ ದಿನಕ್ಕೆ, ನಾನು ಶಾಲೆಯಿಂದ ಬರುವಷ್ಟರಲ್ಲಿ ಗೋಡೆ ಬೋಳಾಗಿತ್ತು. ಬಳ್ಳಿ ಅಂಗಳದಲ್ಲಿ ರಾಶಿ ಬಿದ್ದಿತ್ತು.

"ಹಾವು ಸೇರ್ಕೊಳ್ತಾವಂತೆ, ಚಿಕ್ಕ ಮಗು ಇದೆ ನೋಡಿ" ಎಂದರು ರೈಟರ ಹೆಂಡತಿ. "ನಿಮ್ಗೂ ಬೆಳಕಾಯ್ತಲ್ಲ ಟೀಚರೇ?"

ಹೌದು, ಬೆಳಕಾಗಿತ್ತು.

ಮುಂದಿನ ಭಾನುವಾರ ಮಾಡಲು ಕೆಲಸವಿಲ್ಲದೆ ಬಸ್ಸು ಹತ್ತಿ ಮೂಡಿಗೆರೆಗೆ ಹೋದೆ. ಅಕ್ಕ ಒಳಗೆ ಕರೆದು ಕುರ್ಚಿ ಹಾಕಿದರು, ಎದುರಿಗೆ ಕೂತರು. ಹಾಗೆ ಕೂತು, ನಡುವೆ ಸರಳುಗಳಿಲ್ಲದೆ, ಅವರ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಹಾವು, ಮಗು ಎಂದು ಬಳ್ಳಿ ಕಿತ್ತದ್ದನ್ನು ಹೇಳಿದೆ. "ಹೌದಾ" ಎಂದರು. ಆಮೇಲೆ, "ಮಗುಗೆ ಎಷ್ಟು ವರ್ಷ?" ಎಂದು ಕೇಳಿದರು. ಒಳಗೆ ಅಣ್ಣನ ಮನೆಯವರು ಓಡಾಡುತ್ತಿದ್ದರು. ಅದಕ್ಕೋ ಏನೋ, ಮಾತು ಮುಂದುವರಿಯಲಿಲ್ಲ.

"ಇನ್ನೊಂದ್ಸಲ ಬನ್ನಿ" ಎಂದು ಬಾಗಿಲವರೆಗೆ ಬಂದರು. ಬರುತ್ತೇನೆ ಎಂದೆ. ಮತ್ತೆ ಹೋಗಲಿಲ್ಲ.