ನನ್ನ ಪಾಲಿನ ಮಣ್ಣು

ಹಳೆಯ ಗೋರಿಗಳನ್ನು ಅಭ್ಯಾಸ ಮಾಡುವ ಮಾನವಶಾಸ್ತ್ರಕ್ಕೆ ಹೇಗೆ ಬಂದಿರಿ ಎಂದು ಕೇಳುವವರಿಗಾಗಿ ಒಂದು ಚಂದದ ಕತೆ ಇಟ್ಟುಕೊಂಡಿದ್ದೇನೆ. ಕಪ್ಪತಗುಡ್ಡದ ತಪ್ಪಲಿನಲ್ಲಿ ಕುರುಬರು ತೋರಿಸಿದ ಕಲ್ಲುಗೋರಿ, ಅದರೊಳಗೆ ಕಪ್ಪು-ಕೆಂಪು ಮಡಕೆ. ಕಲ್ಲು ನಿಜ, ಮಡಕೆಯೂ ನಿಜ. ಕತೆ ನಿಜವಲ್ಲ.

ರಾಜ್ಯ ಒಂದಾಗಲಿದ್ದ ವರ್ಷ ಧಾರವಾಡದಲ್ಲಿ ಬಿ.ಎ. ಪರೀಕ್ಷೆ ಬರೆದೆ. ಇನ್ನು ಮುಂದೆ ಕಚೇರಿಗಳಲ್ಲಿ ಕನ್ನಡ ಬಲ್ಲವರಿಗೇ ಕೆಲಸ, ನಾನು ಮಾಮಲೇದಾರ ಕಚೇರಿ ಸೇರಬೇಕು ಎಂಬುದು ಅಣ್ಣನ ಹಂಚಿಕೆ. ಪರೀಕ್ಷೆ ಮುಗಿಸಿ ಗದಗಿನಲ್ಲಿ ರೈಲು ಇಳಿದು ಮುಂಡರಗಿಯ ಬಸ್ಸು ಹತ್ತಿದರೆ, ಒಳಗೆ ನಮ್ಮ ಓಣಿಯ ದರ್ಜಿ ಕೂತಿದ್ದ.

"ಈಗ ಬಂದ್ಯಾ ಸಾಹೇಬ? ತಂತಿ ಕೊಟ್ಟರೂ ಹಡೆದವ್ವನ ಮಣ್ಣಿಗೆ ಬರಾಕ ಪುರುಸೊತ್ತ ಆಗಲಿಲ್ಲೇನ್ಲೇ?"

ದರ್ಜಿ ಸಿಕ್ಕಿದ್ದು ಬಸ್ಸಿನಲ್ಲಿ ಎಂದು ಬರೆದಿದ್ದೇನೆ. ಇನ್ನೊಮ್ಮೆ ಬರೆದರೆ ಓಣಿಯ ತುದಿಯಲ್ಲಿ ಎಂದು ಬರೆದೇನು. ಮಾತು ಮಾತ್ರ ಇದೇ.

ನಮ್ಮವರು ಸತ್ತವರನ್ನು ಕುಣಿಯಲ್ಲಿ ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮುಚ್ಚುತ್ತಾರೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ಮಾತು ಬಿಟ್ಟವರೂ ಆ ಹೊತ್ತಿಗೆ ಬಂದು ಕೊಡುತ್ತಾರೆ. ನನಗೆ ಯಾವ ತಂತಿಯೂ ಬಂದಿರಲಿಲ್ಲ.

ಅಣ್ಣ ಕಟ್ಟೆಯ ಮೇಲಿದ್ದ. ನನ್ನನ್ನು ಕಂಡು ಮೊದಲು ಕೇಳಿದ್ದು, "ಪೇಪರ್ ಹೆಂಗಾದ್ವು?"

"ಅವ್ವ?"

"ಹೇಳಿದ್ದರ ಓಡಿ ಬರ್ತಿದ್ದಿ. ವರ್ಷ ಹಾಳಾಗ್ತಿತ್ತು."

"ನನಗ ತಂತಿ ಕೊಟ್ಟೇನಿ ಅಂತ ಊರ ಮಂದಿಗೆ ಹೇಳಿದ್ಯಂತ?"

"ಮತ್ತೇನ ಅನ್ನಲಿ? ಮಂದಿ ಕೇಳಾಕ ಹತ್ತಿದ್ರು."

ಅವ್ವನ ತಂಗಿ, ನಮ್ಮ ಚಿಗವ್ವ, ಒಳಗಿನಿಂದ ಬಂದಳು. "ಅವನ ಮ್ಯಾಲ ಸಿಟ್ಟಾಗಬ್ಯಾಡೋ. ನಿಮ್ಮವ್ವನೇ ಹೇಳಿದ್ಲು, ಹುಡುಗನ ಪರೀಕ್ಷಾ ಮುಗಿಯೂತನಕ ಯಾರೂ ಬಾಯಿ ಬಿಡಬ್ಯಾಡ್ರಿ ಅಂತ."

ಅವ್ವನನ್ನು ಯಾವ ಕಡೆ ಮುಖ ಮಾಡಿ ಕುಳ್ಳಿರಿಸಿದಿರಿ ಎಂದು ಕೇಳಿದೆ. ಅದನ್ನೇ ಯಾಕೆ ಕೇಳಿದೆನೋ.

"ಉತ್ತರಕ್ಕ," ಅಂದ ಅಣ್ಣ.

"ಮೂಡಣಕ್ಕಲ್ಲೇನೋ? ಬಿಸಿಲು ನೇರ ಮಾರಿ ಮ್ಯಾಲಿತ್ತು," ಅಂದಳು ಚಿಗವ್ವ.

ಇಬ್ಬರೂ ಅದಕ್ಕೇ ವಾದಕ್ಕೆ ನಿಂತರು. ಕುಣಿಯ ಬದಿಯಲ್ಲೇ ನಿಂತಿದ್ದವರಿಗೆ ದಿಕ್ಕು ನೆನಪಿಲ್ಲ. ಅವ್ವ ಹೇಳಿದ್ದು ಮಾತ್ರ ಅಕ್ಷರಶಃ ನೆನಪಿದೆ!

ಮರುದಿನ ಮಣ್ಣು ಕೊಡಲು ಹೋದೆ. ಅಡ್ಡಮಳೆಯೊಂದು ಬಿದ್ದು, ಗುಡ್ಡೆ ಆಗಲೇ ಬಿಗಿದು ಕೂತಿತ್ತು. ನಾನು ಹಾಕಿದ ಹಿಡಿ ಮೇಲೇ ಉಳಿಯಿತು, ಗಾಳಿಗೆ ಸ್ವಲ್ಪ ಹಾರಿತು.

ಪಾಸಾದೆ. ಕಚೇರಿಗೆ ಅರ್ಜಿ ಹಾಕದೆ, ಗೋರಿಗಳ ಅಭ್ಯಾಸಕ್ಕೆಂದು ಪುಣೆಗೆ ಹೊರಟೆ. ಬಸ್ಸಿನ ತನಕ ಟ್ರಂಕು ಹೊತ್ತು ತಂದ ಅಣ್ಣ ಹಂಗಿಸಿದ: "ಸಾವಿರ ವರ್ಷದ ಹೆಣ ಯಾಕ ಬೇಕೋ? ಊರಾಗ ಸತ್ತವರು ಸಾಲಲಿಲ್ಲೇನ್ಲೇ?"

"ಅವರ ಪರವಾಗಿ ಸುಳ್ಳು ಹೇಳಾಕ ಯಾರೂ ಉಳಿದಿಲ್ಲಲ್ಲ," ಅಂದೆ. ನಿಜಕ್ಕೂ ಅಂದೆನೋ, ಪುಣೆಯ ರೈಲಿನಲ್ಲಿ ಕೂತು ಹೊಂದಿಸಿಕೊಂಡೆನೋ.

ಅಂದಿನಿಂದ ಎಷ್ಟೋ ಗೋರಿ ತೆರೆದಿದ್ದೇನೆ. ಮೊದಲು ನೋಡುವುದು ದಿಕ್ಕು. ಅಣ್ಣ ಮೋಸ ಮಾಡಿದ ಎಂದುಕೊಂಡು ಇರಬಲ್ಲೆ, ಇಷ್ಟು ವರ್ಷ ಇದ್ದೇನೆ. ಆದರೆ ಅವ್ವನ ಮಾತೆಂದು ಚಿಗವ್ವ ಹೇಳಿದ್ದು ನಿಜವಾಗಿದ್ದರೆ, ನನ್ನನ್ನು ಮಣ್ಣಿಗೆ ಕರೆಯದವಳು ಅವ್ವನೇ.